ಪಥೆಟಿಕ್ ಸೊನಾಟಾ: ಕೇಳಿದವರು ಬರೆದುಕೊಟ್ಟ ಚೀಟಿಗಳಲ್ಲಿ ಯಾವುದನ್ನು ಲೆಕ್ಕಕ್ಕೆ ಹಿಡಿಯಬೇಕು?

ಕಪ್ಪುಬಿಳುಪು ಕೇಳಿದ ಪ್ರಶ್ನೆ

ಹದಿನೈದು ವರ್ಷದ ವಿದ್ಯಾರ್ಥಿನಿ ಬೀಥೋವನ್‌ನ ಸಿ ಮೈನರ್ ಪಿಯಾನೊ ಸೊನಾಟಾ (ಪಥೆಟಿಕ್, ಓಪಸ್ 13) ಮೂರೂ ಭಾಗ ಪುಸ್ತಕ ನೋಡದೆ ನುಡಿಸಿದಳು. ಜಾಗ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ಹಾಲ್: ಗ್ರಾನೈಟ್ ನೆಲ, ಬರೀ ಗೋಡೆ, ಗೋಡೆಗೆ ಒತ್ತಿ ಇಟ್ಟ ಅಪ್‌ರೈಟ್ (ನೆಟ್ಟಗೆ ನಿಲ್ಲುವ) ಪಿಯಾನೊ, ನಲವತ್ತು ಜನ. ಮನೆಯಲ್ಲಿ ಅಭ್ಯಾಸ ಡಿಜಿಟಲ್ ಪಿಯಾನೊ ಮೇಲೆ.

ಮುಗಿದ ಮೇಲೆ ಚೀಟಿ ಹಂಚಿ ಅಭಿಪ್ರಾಯ ಬರೆಸಿಕೊಂಡೆವು. ಬಂದವರಲ್ಲಿ ಅರ್ಧಕ್ಕರ್ಧ ಕರ್ನಾಟಕ ಸಂಗೀತ ಕೇಳುವವರು, ಪಿಯಾನೊ ಬಲ್ಲವರು ನಾಲ್ಕೈದು ಜನ ಅಷ್ಟೇ. ಮತ್ತೆ ಮತ್ತೆ ಬಂದ ಮಾತುಗಳು ಇವು:

"ಶುರುವಿನಲ್ಲಿ ತಾಳ ಎಲ್ಲಿದೆ ಅಂತ ಸಿಗಲೇ ಇಲ್ಲ, ತುಂಬಾ ನಿಧಾನ."
"ಆಮೇಲೆ ಸಿಕ್ಕಾಪಟ್ಟೆ ಸ್ಪೀಡು."
"ಎಡಗೈ ಜೋರು, ಗುಂಯ್ ಅಂತ ಒಂದೇ ಸದ್ದು."
"ಅದೇ ತುಣುಕು ಎರಡು ಸಲ ಯಾಕೆ?"
"ಮೊದಲ ಭಾಗದ ಕೊನೆ ಹತ್ತಿರ ಮರೆತು ನಿಂತಳು, ಆದರೂ ಸಂಭಾಳಿಸಿಕೊಂಡಳು."
"ನಿಧಾನದ ಭಾಗ ಇಷ್ಟ ಆಯ್ತು, ಆದರೆ ಹಾಡು ಮುಳುಗಿಹೋಯ್ತು."

ರೆಕಾರ್ಡಿಂಗ್ ಇಟ್ಟುಕೊಂಡು ಅಳೆದಾಗ ಸಿಕ್ಕ ಲೆಕ್ಕ: ಗ್ರಾವೆ (ಶುರುವಿನ ನಿಧಾನದ ತುಣುಕು) ನಿಮಿಷಕ್ಕೆ ಸುಮಾರು 44 ಕ್ವೇವರ್ (ಬಾರ್‌ನ ಎಂಟನೇ ಒಂದು ಪಾಲು; ಬಾರ್ ಅಂದರೆ ತಾಳದ ಒಂದು ಸುತ್ತು). ಅಲ್ಲೆಗ್ರೊ (ಆಮೇಲೆ ಬರುವ ವೇಗದ ತುಣುಕು) 11ನೇ ಬಾರ್‌ನಲ್ಲಿ ನಿಮಿಷಕ್ಕೆ 144 ಮಿನಿಮ್ (ನಾಲ್ಕು ಕ್ವೇವರ್ ಉದ್ದ), 51ನೇ ಬಾರ್ ಹತ್ತಿರ 132, 113ರಿಂದ 152. ಐದು ವಾರದಲ್ಲಿ ಇದೇ ಕೃತಿ ಇನ್ನೊಂದು ಕಡೆ ಇದೆ, ಅಲ್ಲಿ ಗ್ರ್ಯಾಂಡ್ ಪಿಯಾನೊ ಸಿಗುತ್ತದೆ. ಇವುಗಳಲ್ಲಿ ಯಾವುದಕ್ಕೆ ಕೆಲಸ ಮಾಡಿಸಲಿ, ಯಾವುದನ್ನು ಬಿಡಲಿ?

---

ಎಡಗೈ ಉತ್ತರ

ಒಂದನ್ನೂ ಬಿಡಬೇಡಿ, ಆದರೆ ಬರೆದದ್ದನ್ನು ಬರೆದ ಹಾಗೇ ತಗೊಳ್ಳಲೂ ಬೇಡಿ. ಕೇಳುವವರು ಎಲ್ಲಿ ನೋವು ಅಂತ ಸರಿಯಾಗಿ ತೋರಿಸುತ್ತಾರೆ, ಯಾಕೆ ನೋವು ಅನ್ನೋದನ್ನು ಬಹುತೇಕ ತಪ್ಪು ಹೇಳುತ್ತಾರೆ. "ಸ್ಪೀಡು" ಅನ್ನೋ ದೂರನ್ನೇ ನೋಡಿ. ಈ ಅಲ್ಲೆಗ್ರೊಗೆ 144 ಹೆಚ್ಚಲ್ಲ, ಅಲ್ಲೆಗ್ರೊ ದಿ ಮೊಲ್ಟೊ ಎ ಕಾನ್ ಬ್ರಿಯೊ, ಅಂದರೆ ತುಂಬಾ ವೇಗವಾಗಿ, ಹುರುಪಿನಿಂದ ಅಂತಲೇ ಬರೆದಿದೆ. ನಿಮ್ಮದೇ ಅಂಕಿಯಲ್ಲಿ ಕಾರಣ ಇದೆ: 144, 132, 152. ಕಷ್ಟದ ಜಾಗದಲ್ಲಿ ಇಳಿದು, ಸುಲಭದ ಕ್ವೇವರ್ ಓಟ ಸಿಕ್ಕ ತಕ್ಷಣ ಹಾರಿದ್ದಾಳೆ. ಕಾಲಪ್ರಮಾಣ ನಿಲ್ಲದಿದ್ದರೆ ಕಿವಿಗೆ ಅದು ಓಟ ಅಂತಲೇ ಕೇಳೋದು. 138ರಲ್ಲಿ ಒಂದೇ ಸಮ ನುಡಿಸಿದರೆ ಇದೇ ಜನ ಸ್ಪೀಡಿನ ಸುದ್ದಿ ಎತ್ತುವುದಿಲ್ಲ.

ಹಾಗಾಗಿ ವೇಗವನ್ನು 11ನೇ ಬಾರ್‌ನಿಂದ ನಿರ್ಧರಿಸಬೇಡಿ. 51ರಿಂದ ಬರುವ ಎರಡನೇ ಮುಖ್ಯ ಧಾಟಿ, ಅಂದರೆ ಇ ಫ್ಲ್ಯಾಟ್ ಮೈನರ್‌ನಲ್ಲಿ ಬಲಗೈ ಎಡಗೈ ಮೇಲಿಂದ ದಾಟುವ ಜಾಗ, ಅಲ್ಲಿ ಯಾವ ವೇಗ ಸಲೀಸಾಗಿ ಬರುತ್ತದೋ ಅದೇ ಇಡೀ ಭಾಗದ ವೇಗ. ಇವತ್ತಿಗೆ ಅದು 132 ಆದರೆ 11ನೇ ಬಾರ್ ಕೂಡ 132. ಮೆಟ್ರೊನೋಮ್ ಹಾಕಿ ಮೂರು ತುಣುಕು ಒಂದರ ಹಿಂದೊಂದು ನುಡಿಸಲಿ: 11ರಿಂದ 18, 51ರಿಂದ 58, 113ರಿಂದ 120. ಪೂರ್ತಿ ನುಡಿಸುವ ಅಗತ್ಯ ಇಲ್ಲ. ಹೀಗೆ ಹತ್ತು ದಿನ ಮಾಡಿದ ಮೇಲೆ ಎರಡೆರಡೇ ಏರಿಸಿ.

ಇನ್ನೊಂದು, 11ನೇ ಬಾರ್‌ನಲ್ಲಿ ಬರೆದಿರುವುದು ಪಿಯಾನೊ, ಮೆಲ್ಲಗೆ. ಮುಕ್ಕಾಲು ಪಾಲು ಮಕ್ಕಳು ಗ್ರಾವೆಯಿಂದ ಹೊರಬಂದ ಖುಷಿಗೆ ಅಲ್ಲೇ ಜೋರು ಶುರು ಮಾಡುತ್ತಾರೆ. ಆಮೇಲೆ ಏರಲು ಜಾಗ ಉಳಿದಿರುವುದಿಲ್ಲ, ಎಡಗೈ ಟ್ರೆಮೊಲೊ (ಎರಡು ಸ್ವರಗಳ ನಡುವೆ ಬೇಗ ಬೇಗ ಹೊಯ್ದಾಡುವುದು) ಗುಡುಗುಡು ಅನ್ನುತ್ತದೆ. "ಎಡಗೈ ಜೋರು" ಅನ್ನುವ ದೂರಿನ ಅರ್ಧ ಬೇರು ಇಲ್ಲಿದೆ. ಇನ್ನರ್ಧ ಪೆಡಲ್ (ಕಾಲಲ್ಲಿ ಒತ್ತಿದರೆ ಸದ್ದು ಮೊಳಗುತ್ತಲೇ ಇರುತ್ತದಲ್ಲ, ಅದು) ಮತ್ತು ಆ ಹಾಲ್, ಅದನ್ನು ಬಲ್ಲವರು ಹೇಳಲಿ.

---

ತಂತಿ_ಸುತ್ತಿಗೆ ಉತ್ತರ

ಹಾಲ್ ವಿಷಯಕ್ಕೆ ಬರ್ತೀನಿ. ಗ್ರಾನೈಟ್ ನೆಲ, ಬರೀ ಗೋಡೆ ಅಂದರೆ ಕಟ್ಟಡವೇ ಒಂದು ಪೆಡಲ್. ಅಪ್‌ರೈಟ್‌ನ ಸೌಂಡ್‌ಬೋರ್ಡ್ (ಸದ್ದು ಹೊರಡಿಸುವ ಹಲಗೆ) ಇರೋದು ಹಿಂಬದಿಯಲ್ಲಿ. ಅದನ್ನು ಗೋಡೆಗೆ ಒತ್ತಿಟ್ಟರೆ ಮಂದ್ರದ ಸ್ವರಗಳು ಗೋಡೆ ಮೂಲೆಯಲ್ಲಿ ಸೇರಿ ಉಬ್ಬುತ್ತವೆ. ಈ ಭಾಗದ ಟ್ರೆಮೊಲೊ ಇರೋದೂ ಅಲ್ಲೇ ಕೆಳಗೆ. ಮುಂದಿನ ಸಲ ಅಂಥ ಜಾಗ ಸಿಕ್ಕರೆ ಪಿಯಾನೊ ಗೋಡೆಯಿಂದ ಒಂದಡಿಯಾದರೂ ಮುಂದೆ ಬರಲಿ, ಸ್ವಲ್ಪ ಓರೆಯಾಗಿ ನಿಲ್ಲಲಿ, ಹಿಂದೆ ಒಂದು ದಪ್ಪ ಬೆಡ್‌ಶೀಟ್ ಇಳಿಬಿಡಿ, ಕೆಳಗೆ ಜಮಖಾನ ಹಾಸಿ. ಖರ್ಚಿಲ್ಲದ ಕೆಲಸ, ಟ್ಯೂನಿಂಗ್‌ಗಿಂತ ಹೆಚ್ಚು ವ್ಯತ್ಯಾಸ ಮಾಡುತ್ತದೆ.

ಪೆಡಲ್: ಬೀಥೋವನ್ ಈ ಸೊನಾಟಾದಲ್ಲಿ ಒಂದೂ ಪೆಡಲ್ ಗುರುತು ಹಾಕಿಲ್ಲ. ಹಳೇ ಪುಸ್ತಕಗಳಲ್ಲಿ, ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುವ ಪ್ರತಿಗಳಲ್ಲಿ ಕಾಣೋದೆಲ್ಲ ಸಂಪಾದಕರು ಸೇರಿಸಿದ್ದು. 1799ರ ವಿಯೆನ್ನಾ ಪಿಯಾನೊದಲ್ಲಿ ಚೌಕಟ್ಟು ಮರದ್ದು, ತಂತಿ ತೆಳು, ಸುತ್ತಿಗೆಗೆ ಚರ್ಮ. ಡ್ಯಾಂಪರ್ (ತಂತಿಯ ಸದ್ದು ನಿಲ್ಲಿಸುವ ಮೆತ್ತೆ) ಎತ್ತೋದು ಮೊಣಕಾಲಿನಿಂದ. ಸದ್ದು ಬೇಗ ಆರುತ್ತಿತ್ತು. ಆ ವಾದ್ಯದಲ್ಲಿ ಚೊಕ್ಕವಾಗಿ ಕೇಳಿಸುತ್ತಿದ್ದ ಟ್ರೆಮೊಲೊ ಇವತ್ತಿನ ದಪ್ಪ ತಂತಿಯ ಮೇಲೆ ಪೆಡಲ್ ಸಮೇತ ಬಂದರೆ ಅಂಬಲಿ. ಅಲ್ಲೆಗ್ರೊದ ಟ್ರೆಮೊಲೊ ಪೂರ್ತಿ ಪೆಡಲ್ ಇಲ್ಲದೆ ಅಭ್ಯಾಸ ಆಗಲಿ. ಆಮೇಲೆ ಬೇಕಿದ್ದರೆ ಬಲಗೈಯ ಉದ್ದ ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗುಂಪು) ಮೇಲೆ ಮಾತ್ರ ಕಾಲು ಭಾಗ ಒತ್ತಿ ಬಿಡಲಿ.

ಡಿಜಿಟಲ್ ಜೊತೆ ಬರುವ ಅಗ್ಗದ ಪೆಡಲ್ ಬರೀ ಸ್ವಿಚ್. ಒತ್ತಿದರೆ ಉಂಟು, ಬಿಟ್ಟರೆ ಇಲ್ಲ. ಅದರ ಮೇಲೆ ಕಲಿತ ಕಾಲು ಅಕೂಸ್ಟಿಕ್ ಮೇಲೂ ತಳದವರೆಗೆ ತುಳಿಯುತ್ತದೆ. ಅರ್ಧ ಪೆಡಲ್ ಗುರುತಿಸುವ ಪೆಡಲ್ ಹಾಕಿಸಿ, ಇಲ್ಲವೇ ವಾರಕ್ಕೆ ಎರಡು ಮೂರು ಸಲ ನಿಜವಾದ ಪಿಯಾನೊ ಸಿಗುವ ಕಡೆ ಕೂರಿಸಿ. ಗ್ರ್ಯಾಂಡ್ ಮುಂದೆ ಕೂತ ಮೊದಲ ಎರಡು ನಿಮಿಷ ಒಂದೇ ಕೆಲಸ: ಒಂದು ಕಾರ್ಡ್ ಹಿಡಿದು ಪೆಡಲ್ ಮೆಲ್ಲಗೆ ಇಳಿಸುತ್ತಾ ಡ್ಯಾಂಪರ್ ಎಲ್ಲಿ ತಂತಿ ಬಿಡುತ್ತದೆ ಅಂತ ಕಾಲಿಗೆ ಗೊತ್ತು ಮಾಡಿಕೊಳ್ಳೋದು. ಆ ಜಾಗ ಪ್ರತಿ ಪಿಯಾನೊಗೂ ಬೇರೆ.

ಮಳೆಗಾಲ ಆಗಿದ್ದರೆ ಟ್ಯೂನರ್‌ಗೆ ಮೊದಲೇ ಹೇಳಿ, ಟ್ರೆಮೊಲೊ ನುಡಿಸುವ ಎರಡು ಸಿ ಕೀಗಳು ಒತ್ತಿ ಬಿಟ್ಟಾಗ ತಡವಿಲ್ಲದೆ ಮೇಲೆ ಬರ್ತಿವೆಯಾ ನೋಡಲಿ. ತೇವಕ್ಕೆ ಕೀ ಒಳಗಿನ ಬಟ್ಟೆ ಊದಿಕೊಂಡರೆ ಟ್ರೆಮೊಲೊದಲ್ಲೇ ಮೊದಲು ಸಿಕ್ಕಿಬೀಳೋದು. ಬೈಗುಳ ನುಡಿಸುವವರಿಗೆ.

---

ಚೌಕಕಾಲ ಉತ್ತರ

ತಾಳ ಸಿಗಲಿಲ್ಲ ಎಂದವರು ಕರ್ನಾಟಕ ಸಂಗೀತದ ಕಿವಿಯವರಾದರೆ ಅವರ ಮಾತನ್ನು ಎಲ್ಲಕ್ಕಿಂತ ಮೇಲಿಡಿ. ತೀರಾ ನಿಧಾನದ ಚೌಕ ಕಾಲದಲ್ಲಿ ಕೂಡ ತಾಳ ಹಿಡಿದು ಕೂರುವ ಜನ ಅವರು. ನಿಧಾನ ಅವರಿಗೆ ತೊಡಕಲ್ಲ, ಅಕ್ಷರ (ತಾಳದ ಎಣಿಕೆ) ಜಾರಿದರೆ ತೊಡಕು.

ಗ್ರಾವೆ ಹತ್ತು ಬಾರ್. ಬಾರ್‌ಗೆ ಎಂಟು ಕ್ವೇವರ್ ಎಂದರೆ ಎಂಬತ್ತು ಎಣಿಕೆ. 44ರಲ್ಲಿ ಇದು ಒಂದು ನಿಮಿಷ ಐವತ್ತು ಸೆಕೆಂಡ್, ಮೇಲೆ ನಿಲುಗಡೆ ಬೇರೆ. 54ಕ್ಕೆ ತಂದರೆ ಒಂದೂವರೆ ನಿಮಿಷ, ಗಾಂಭೀರ್ಯ ಎಲ್ಲೂ ಹೋಗುವುದಿಲ್ಲ. ಆದರೆ ನಿಜವಾದ ತಪ್ಪು ಚುಕ್ಕೆ ಲಯದಲ್ಲಿ ಇರುತ್ತದೆ. ಉದ್ದ ಸ್ವರ ಮೂರು ಪಾಲು, ಚಿಕ್ಕದು ಒಂದು ಪಾಲು. ನಿಧಾನವಾದಷ್ಟೂ ಚಿಕ್ಕದು ಸೋಮಾರಿಯಾಗಿ ಎರಡಕ್ಕೆ ಒಂದು ಅನ್ನುವ ತಿಶ್ರಕ್ಕೆ ಜಾರುತ್ತದೆ. ಬಾಯಲ್ಲಿ ತಕದಿಮಿ ಹೇಳಿಸಿ: ಉದ್ದದ್ದು ‘ತಕದಿ’ ಪೂರ್ತಿ ಹಿಡಿಯಬೇಕು, ಚಿಕ್ಕದು ‘ಮಿ’ ಮೇಲೆ ಬಂದು ಮುಂದಿನ ‘ತ’ಗೆ ಅಂಟಬೇಕು. ಮೊದಲು ಕೈಚಪ್ಪಾಳೆಯಲ್ಲಿ, ಆಮೇಲೆ ಒಂದೇ ಕೀ ಮೇಲೆ, ಆಮೇಲೆ ಕಾರ್ಡ್‌ಗಳಲ್ಲಿ. 4ನೇ ಬಾರ್ ಕೊನೆಯಲ್ಲಿ ಇಳಿಯುವ ಓಟವೂ 10ನೇ ಬಾರ್‌ನ ಕ್ರೊಮ್ಯಾಟಿಕ್ (ಕಪ್ಪು ಬಿಳಿ ಕೀ ಒಂದೂ ಬಿಡದ) ಓಟವೂ ಎಣಿಕೆಯಿಂದ ಹೊರಗೆ ಹಾರಿದರೆ ಕಟ್ಟಿದ್ದೆಲ್ಲ ಬಿದ್ದುಹೋಗುತ್ತದೆ. 10ನೇ ಬಾರ್ ಕೊನೆಗೆ ‘ಅಟ್ಟಾಕಾ ಸುಬಿಟೊ’ ಎಂದಿದೆ, ತಡವಿಲ್ಲದೆ ಅಲ್ಲೆಗ್ರೊಗೆ ಹೋಗು ಎಂದರ್ಥ. ಅಲ್ಲಿ ಬೆನ್ನು ನೆಟ್ಟಗೆ ಮಾಡಿಕೊಳ್ಳುವ, ಉಸಿರು ಎಳೆಯುವ ಅಭ್ಯಾಸ ಇದ್ದರೆ ಬಿಡಿಸಿ.

ಮೊಟ್ಟಮೊದಲ ಕಾರ್ಡ್‌ಗೆ ಎಫ್‌ಪಿ ಗುರುತು: ಹೊಡೆತ ಜೋರು, ತಕ್ಷಣ ಮೆಲ್ಲಗೆ. ಈಗಿನ ಪಿಯಾನೊದಲ್ಲಿ ಸದ್ದು ತಾನಾಗಿ ಅಷ್ಟು ಬೇಗ ಇಳಿಯದು. ಒಂದು ಉಪಾಯ ಉಂಟು. ಪೆಡಲ್ ಮೊದಲೇ ಒತ್ತಿಟ್ಟು ಕಾರ್ಡ್ ಹೊಡೆಯಬೇಕು, ಕೀ ಬಿಡದೆ ಕಾಲನ್ನು ಮಾತ್ರ ಮೆಲ್ಲಗೆ ಎತ್ತಬೇಕು. ಹಿಡಿದ ತಂತಿಗಳು ಮೊಳಗುತ್ತಲೇ ಇರುತ್ತವೆ, ಜೊತೆಗೆ ಅನುರಣಿಸುತ್ತಿದ್ದ ಉಳಿದ ತಂತಿಗಳಷ್ಟೇ ನಿಲ್ಲುತ್ತವೆ. ಒಂದು ಪದರ ಕಳಚಿದ ಹಾಗೆ ಕೇಳುತ್ತದೆ. ಗ್ರ್ಯಾಂಡ್‌ನಲ್ಲಿ ಇದು ಚೆನ್ನಾಗಿ ಬರುತ್ತದೆ.

ಇನ್ನು "ಮರೆತು ನಿಂತಳು" ಎಂಬ ದೂರು. ಇದರಲ್ಲಿ ಹುಡುಗಿಯ ತಪ್ಪೇ ಇಲ್ಲದಿರಬಹುದು. ಗ್ರಾವೆ ಈ ಭಾಗದಲ್ಲಿ ಮೂರು ಸಲ ಬರುತ್ತದೆ: ಆರಂಭದಲ್ಲಿ, 133ರಲ್ಲಿ ಜಿ ಮೈನರ್‌ನಲ್ಲಿ ನಾಲ್ಕು ಬಾರ್, ಕೊನೆಗೆ 295ರಲ್ಲಿ ಮತ್ತೆ ನಾಲ್ಕು ಬಾರ್. ಈ ಮೂರನೇ ಸಲ ಮೊದಲ ಕಾರ್ಡ್ ಇಲ್ಲವೇ ಇಲ್ಲ. ಎರಡು ಸಲ ಕೇಳಿ ಕಿವಿ ಕಾಯುತ್ತಿರುವ ಆ ಹೊಡೆತದ ಜಾಗದಲ್ಲಿ ಬೀಥೋವನ್ ಮೌನ ಬರೆದಿದ್ದಾನೆ. ಅದನ್ನು ‘ಮರೆತಳು’ ಎಂದು ಕೇಳಿಸಿಕೊಂಡರು ಎಂದರೆ ಮೌನ ಆಯಿತು, ಆದರೆ ಅದು ಅವಳದೇ ಎಂದು ಕಾಣಲಿಲ್ಲ. ಕೈ ಮಡಿಲಿಗೆ ಇಳಿದಿರಬೇಕು, ಇಲ್ಲವೇ ಕೀ ಹುಡುಕಿದಂತೆ ಅಲ್ಲಾಡಿರಬೇಕು. 294ರ ದೊಡ್ಡ ಕಾರ್ಡ್ ಬಿಟ್ಟ ಕೈ ಕೀಗಳ ಮೇಲೆಯೇ, ಮುಂದಿನ ಕಾರ್ಡ್‌ನ ಆಕಾರದಲ್ಲಿ, ಅಲ್ಲಾಡದೆ ನಿಲ್ಲಲಿ. ಪೆಡಲ್ ಪೂರ್ತಿ ಮೇಲೆ. ಒಳಗೆ ಎಣಿಕೆ ನಡೆಯುತ್ತಿದ್ದರೆ ಕೂತವರಿಗೆ ತಿಳಿಯುತ್ತದೆ. ಮೂರನೇ ಗ್ರಾವೆಯ ಕ್ವೇವರ್ ಮೊದಲನೆಯದರ ವೇಗದಲ್ಲೇ ಇರಬೇಕು, ಇಲ್ಲದಿದ್ದರೆ ಕಾಯುವ ಕಿವಿಗೆ ಕಾಯುವುದೇನೆಂದು ಗೊತ್ತಾಗದು.

---

ಎಡಗೈ ಉತ್ತರ

295ರ ವಿಷಯ ಚೌಕಕಾಲ ಹೇಳಿದ್ದು ನೂರಕ್ಕೆ ನೂರು. ಆದರೆ ಗ್ರಾವೆಗೆ 54 ಕಡ್ಡಾಯ ಅನ್ನೋ ಹಾಗೆ ಬರೆದಿದ್ದೀರಿ. ಪೆಟ್ಟಿನ ಒಳ ಅಕ್ಷರ ನಿಂತರೆ 48ರಲ್ಲೂ ಕೂರಿಸಬಹುದು. ಹದಿನೈದು ವರ್ಷದವರಿಗೆ 54 ಸುಲಭ, ಅಷ್ಟೇ.

---

ಮರಳಿಮೊದಲಿಗೆ ಉತ್ತರ

"ಎರಡು ಸಲ ಯಾಕೆ" ಅನ್ನೋ ಪ್ರಶ್ನೆ ಕೇಳಿದವರು ಯಾರೇ ಆಗಲಿ, ದೊಡ್ಡ ಜಗಳಕ್ಕೆ ಕೈ ಹಾಕಿದ್ದಾರೆ. 132ನೇ ಬಾರ್ ಕೊನೆಗೆ ಪುನರಾವರ್ತನೆ ಗುರುತು ಇದೆ, ಅದರಲ್ಲಿ ಅನುಮಾನ ಇಲ್ಲ. ಎಲ್ಲಿಗೆ ಹಿಂತಿರುಗಬೇಕು ಅನ್ನೋದು ತಕರಾರು. ಬಹಳ ಪುಸ್ತಕಗಳಲ್ಲಿ 11ನೇ ಬಾರ್‌ನಲ್ಲಿ, ಅಲ್ಲೆಗ್ರೊ ಶುರುವಿನಲ್ಲಿ, ತೆರೆಯುವ ಗುರುತು ಇದೆ. ಬೀಥೋವನ್ ಕೈಬರಹ ಉಳಿದಿಲ್ಲ, ಹಾಗಾಗಿ ಅವನ ಕೈಯಲ್ಲೇ ನೋಡಿ ತೀರ್ಮಾನ ಮಾಡೋಣ ಅಂದರೆ ಆಗದು. ಪಿಯಾನೊವಾದಕ, ಲೇಖಕ ಚಾರ್ಲ್ಸ್ ರೋಸೆನ್ ಗ್ರಾವೆಯಿಂದಲೇ ಮತ್ತೆ ಶುರು ಮಾಡಬೇಕು ಅಂತ ವಾದಿಸಿದವರು. ಪಿಯಾನೊವಾದಕರಾದ ರುಡಾಲ್ಫ್ ಸರ್ಕಿನ್, ಆಂಡ್ರಾಸ್ ಶಿಫ್ ನುಡಿಸಿರುವುದೂ ಹಾಗೆಯೇ.

ನನ್ನ ಮತ ಗ್ರಾವೆ ಪಕ್ಷಕ್ಕೆ. 132ರ ಕಾರ್ಡ್ ಮೇಲೆ ನಿಂತು ಸೀದಾ ಟ್ರೆಮೊಲೊಗೆ ಬಿದ್ದರೆ ಬಾಗಿಲು ದಾಟದೆ ಅಡುಗೆಮನೆಗೆ ನುಗ್ಗಿದ ಹಾಗೆ. ಆದರೆ ಐದು ವಾರದಲ್ಲಿ ನಡೆಯುವ ಕಾರ್ಯಕ್ರಮಕ್ಕೆ, ಗ್ರಾವೆಯ ಲಯ ಇನ್ನೂ ಕೂರದ ಹುಡುಗಿಗೆ, ಅದನ್ನು ಎರಡು ಸಲ ನುಡಿಸು ಅನ್ನೋದು ಶಿಕ್ಷೆ. ಈ ಸಲ ಪುನರಾವರ್ತನೆಯನ್ನೇ ಬಿಡಿ. ಅವಳ ಎಡಗೈಗೂ ಆರಾಮ. ಸ್ಪರ್ಧೆ, ಪರೀಕ್ಷೆ ಆಗಿದ್ದರೆ ಮಾತ್ರ ನಿಯಮ ನೋಡಿಕೊಂಡು ಮಾಡಿ. ಮಾಡಿದರೆ ಎರಡನೇ ಸಲ ಏನೋ ಬೇರೆ ಕೇಳಿಸಲಿ. 89ರಿಂದ ಕೈಗಳು ಎರಡೂ ಕಡೆ ಹಿಗ್ಗುತ್ತಾ ಹೋಗುವ ಜಾಗ ಅದಕ್ಕೆ ಹೇಳಿಮಾಡಿಸಿದ್ದು: ಮೊದಲ ಸಲ ಮೇಲಿನ ಎಳೆ, ಎರಡನೇ ಸಲ ಕೆಳಗೆ ಇಳಿಯುವ ಎಳೆ.

ಅಂದಹಾಗೆ, ಈ ಸೊನಾಟಾಗೆ ಕಟು ಅಭಿಪ್ರಾಯ ಹೊಸದೇನಲ್ಲ. ಪ್ರಾಗ್‌ನಲ್ಲಿ ಹತ್ತು ವರ್ಷದ ಮೊಶೆಲೆಸ್ (ಮುಂದೆ ಹೆಸರಾಂತ ಪಿಯಾನೊವಾದಕ) ಕೊಳ್ಳಲು ದುಡ್ಡಿಲ್ಲದೆ ಗ್ರಂಥಾಲಯದಲ್ಲಿ ಕೂತು ಇದನ್ನು ನಕಲು ಮಾಡಿಕೊಂಡ. ಅವನ ಗುರು ಡಿಯೊನಿಸ್ ವೆಬರ್ ಇಂಥ ವಿಚಿತ್ರಗಳಿಗೆ ಕೈ ಹಾಕಬೇಡ ಅಂದರು. ಹುಡುಗ ಕೇಳಲಿಲ್ಲ.

---

ಕಪ್ಪುಬಿಳುಪು

ತುಂಬಾ ಉಪಯೋಗ ಆಯ್ತು. ಎರಡು ವಿಷಯ ಬಾಕಿ. ಟ್ರೆಮೊಲೊ ಮೂರು ನಾಲ್ಕು ಬಾರ್ ದಾಟುತ್ತಿದ್ದಂತೆ ಅವಳ ಮುಂಗೈ ಕಲ್ಲಾಗುತ್ತದೆ, 20ನೇ ಬಾರ್ ಹೊತ್ತಿಗೆ ಭುಜ ಮೇಲೆ ಏರಿರುತ್ತದೆ. ಅಂಗೈ ಚಿಕ್ಕದು, ಆಕ್ಟೇವ್ (ಒಂದು ಸಿಯಿಂದ ಮುಂದಿನ ಸಿವರೆಗೆ) ಹೇಗೋ ಎಟುಕುತ್ತದೆ. ಮತ್ತೆ 57ರಿಂದ ಬರುವ ಪುಟ್ಟ ಅಲಂಕಾರಗಳಲ್ಲಿ ಬಲಗೈ ತಡವರಿಸುತ್ತದೆ, ವೇಗ ಇಳಿಯೋದು ಅಲ್ಲೇ.

---

ಎಡಗೈ ಉತ್ತರ

ಕೈ ಚಿಕ್ಕದಾಗಿರೋದು ಇಲ್ಲಿ ಅಡ್ಡಿಯಲ್ಲ, ಎರಡು ಸ್ವರವೂ ಒಟ್ಟಿಗೆ ಹಿಡಿಯಬೇಕಿಲ್ಲವಲ್ಲ. ಅಂಗೈ ಸದಾ ಆಕ್ಟೇವ್ ಅಗಲಕ್ಕೆ ಚಾಚಿಟ್ಟುಕೊಂಡಿರುವುದೇ ಕಲ್ಲಾಗಲು ಕಾರಣ. 138ರಲ್ಲಿ ಸೆಕೆಂಡಿಗೆ ಒಂಬತ್ತು ಕ್ವೇವರ್‌ಗಿಂತ ಸ್ವಲ್ಪ ಹೆಚ್ಚು, ಅಂದರೆ ಒಂದೊಂದು ಕೀಗೆ ನಾಲ್ಕೂವರೆ ಚಿಲ್ಲರೆ. ಅಪ್‌ರೈಟ್ ಯಂತ್ರಕ್ಕೂ ಇದು ಭಾರ ಅಲ್ಲ. ಬೆರಳಿಂದ ಒಂದೊಂದಾಗಿ ಹೊಡೆಯಲು ಹೋದರೆ ಮಾತ್ರ ಕೈ ಸೋಲುತ್ತದೆ.

ಬಾಗಿಲ ಹಿಡಿ ತಿರುಗಿಸುವ ಹಾಗೆ ಮುಂಗೈ ಹೊರಳಬೇಕು. ಕಿರುಬೆರಳ ಕಡೆ ಹೊರಳಿದಾಗ ಹೆಬ್ಬೆರಳ ಕಡೆ ತಾನಾಗಿ ಏಳುತ್ತದೆ. ಹೊರಳಿದ ಕಡೆಗೆ ಅಂಗೈ ಸ್ವಲ್ಪ ಮುಚ್ಚಿಕೊಳ್ಳಲಿ. ಬೆಂಚಿನ ಎತ್ತರ ನೋಡಿ: ಮೊಣಕೈ ಕೀಗಳ ಮಟ್ಟಕ್ಕಿಂತ ಕೆಳಗಿದ್ದರೆ ಮಣಿಕಟ್ಟು ಕುಸಿದು ಹೊರಳಲು ಜಾಗ ಇರುವುದಿಲ್ಲ. ಮೊಣಕೈ ಪಕ್ಕೆಗೆ ಅಂಟಿರಬಾರದು, ಒಂದು ಮುಷ್ಟಿ ದೂರ ಇರಲಿ.

ಭಾರ ಕಿರುಬೆರಳಿಗೆ, ಹೆಬ್ಬೆರಳು ಕೀ ಬಿಟ್ಟು ಮೇಲೆ ಹಾರದೆ ಬರೀ ಸವರಲಿ. ಹೆಬ್ಬೆರಳು ಹುಟ್ಟಾ ದಪ್ಪ, ಅದು ಬಡಿಯುವುದು ಮೇಲಿನ ಸಿ. ಬಲಗೈಯ ಹಾಡಿಗೆ ಹತ್ತಿರದ ಸ್ವರ ಅದೇ. "ಎಡಗೈ ಜೋರು" ಎಂದವರು ಕೇಳಿದ್ದು ಬಹುಮಟ್ಟಿಗೆ ಆ ಹೆಬ್ಬೆರಳು.

ಅಭ್ಯಾಸ ಮಿನಿಮ್‌ಗೆ 80ರಿಂದ. ನಾಲ್ಕು ಕ್ವೇವರ್ ನುಡಿಸಿ ಐದನೆಯದರ ಮೇಲೆ ನಿಂತು ಭುಜ ಬಿಡೋದು. ಆಮೇಲೆ ಎಂಟು, ಹದಿನಾರು, ಹೀಗೆ. ನಿಂತಾಗ ಕೈ ಸಡಿಲ ಆಗದಿದ್ದರೆ ಹಿಂದಿನ ಅಳತೆಗೆ ವಾಪಸ್. ದಿನಕ್ಕೆ ಹತ್ತು ನಿಮಿಷ, ಎರಡು ಹೊತ್ತು ಮಾಡಿ. ಒಂದೇ ಉಸಿರಿಗೆ ಅರ್ಧ ಗಂಟೆ ಬೇಡ. ನೋವು ಬಂದರೆ ಆ ದಿನ ಎಡಗೈ ಮುಚ್ಚಿಡಿ.

57ರ ಅಲಂಕಾರಗಳಿಗೆ: ಮೊದಲು ಅವನ್ನು ಪೂರ್ತಿ ತೆಗೆದು ಬರೀ ಸ್ವರ ನುಡಿಸಲಿ, ವೇಗ ನಿಲ್ಲುವ ತನಕ. ಹಾಗೂ ಇಳಿದರೆ ತಪ್ಪು ಅಲಂಕಾರದ್ದಲ್ಲ, ಬಲಗೈ ಹಾರಿ ಬಂದು ಸೇರುವುದು ತಡವಾಗುತ್ತಿದೆ. 138ರಲ್ಲಿ ಒಂದು ಕ್ರಾಚೆಟ್‌ಗೆ (ಅರ್ಧ ಮಿನಿಮ್) ಸಿಗೋದು ಸೆಕೆಂಡಿನ ಐದನೇ ಒಂದು ಪಾಲಿನಷ್ಟು. ಮೂರು ಸ್ವರಗಳ ಅಲಂಕಾರ ಅಷ್ಟರಲ್ಲಿ ಮುಗಿಯಬೇಕು, ಹಗುರಾಗಿ, ಮೊದಲನೆಯದು ಎಡಗೈ ಪೆಟ್ಟಿನ ಜೊತೆಯೇ. ಮೇಲಿನ ಸ್ವರದಿಂದಲೇ ಶುರುವಾಗಬೇಕು ಅನ್ನುವವರಿದ್ದಾರೆ. ಈ ವೇಗದಲ್ಲಿ ಬರೆದ ಸ್ವರದಿಂದ ಶುರು ಮಾಡಿದರೆ ಯಾರೂ ಗಲಾಟೆ ಮಾಡುವುದಿಲ್ಲ. ದಾಟುವ ಅಭ್ಯಾಸಕ್ಕೆ ಸದ್ದಿಲ್ಲದ ಹಾರಾಟ ಮಾಡಿಸಿ: ಬಲಗೈ ಹಾರಿ ಕೀ ಮೇಲೆ ಕೂರಲಿ, ಒತ್ತಬಾರದು, ಸರಿ ಕೂತಿದೆಯೇ ಎಂದು ನೋಡಿ ಆಮೇಲೆ ಒತ್ತೋದು. ಎಡಗೈ ಕೀಗಳಿಗೆ ತೀರಾ ಹತ್ತಿರ, ತಗ್ಗಿ ಇದ್ದರೆ ಮೇಲೆ ದಾರಿ ತೆರೆದಿರುತ್ತದೆ.

---

ತಂತಿ_ಸುತ್ತಿಗೆ ಉತ್ತರ

ಅಡಾಜಿಯೊದಲ್ಲಿ, ಅಂದರೆ ನಿಧಾನದ ಎರಡನೇ ಭಾಗದಲ್ಲಿ, ಹಾಡು ಮುಳುಗಿದ್ದರ ಬಗ್ಗೆ ಯಾರೂ ಹೇಳಲಿಲ್ಲ. ಅಲ್ಲಿ ಬಲಗೈಗೇ ಎರಡು ಕೆಲಸ: ಮೇಲೆ ಹಾಡು, ಕೆಳಗೆ ಹೆಬ್ಬೆರಳು ತೋರುಬೆರಳಲ್ಲಿ ಸೆಮಿಕ್ವೇವರ್ (ಅರ್ಧ ಕ್ವೇವರ್) ಸ್ವರಗಳು. ಮುಳುಗಿಸೋದು ಎಡಗೈ ಅಲ್ಲ, ಬಲಗೈ ಹೆಬ್ಬೆರಳು. ಹಾಡನ್ನು ಪೂರ್ತಿ ನುಡಿಸುತ್ತಾ ಒಳಗಿನ ಸ್ವರಗಳ ಕೀಯನ್ನು ಸದ್ದಾಗದಂತೆ ಮುಟ್ಟಿಸಿ, ಆಮೇಲೆ ಸದ್ದು ಚೂರೇ ಚೂರು ಸೇರಿಸಿ. ಎಡ ಪೆಡಲ್ ಒತ್ತಿ ಸರಿ ಮಾಡೋಣ ಅಂದುಕೊಳ್ಳಬೇಡಿ. ಅಪ್‌ರೈಟ್‌ನಲ್ಲಿ ಅದು ಎಲ್ಲ ಸುತ್ತಿಗೆಗಳನ್ನೂ ತಂತಿಗೆ ಹತ್ತಿರ ತರುತ್ತದೆ, ಹಾಡೂ ತಗ್ಗುತ್ತದೆ, ಜೊತೆಯದೂ ತಗ್ಗುತ್ತದೆ.

ವೇಗ 37ನೇ ಬಾರ್‌ನಿಂದ ಲೆಕ್ಕ ಹಾಕಿ, ಅಲ್ಲಿಂದ ಮೂರು ಮೂರರ ಗುಂಪು ಬರುತ್ತದೆ. ಶುರು ತೀರಾ ನಿಧಾನ ಹಿಡಿದವರು ಅಲ್ಲಿ ಗೊತ್ತಿಲ್ಲದೆ ಓಡುತ್ತಾರೆ.

---

ಚೌಕಕಾಲ ಉತ್ತರ

ಮುಂದಿನ ಸಲದ ಚೀಟಿಯ ಬಗ್ಗೆ ಒಂದು ಮಾತು. "ಹೇಗಿತ್ತು?" ಎಂದು ಕೇಳಿದರೆ ಜನ ಒಳ್ಳೆಯವರಾಗುತ್ತಾರೆ, ಇಲ್ಲವೇ ಪಂಡಿತರಾಗುತ್ತಾರೆ. "ಎಲ್ಲಿ ನಿಮ್ಮ ಗಮನ ಬೇರೆ ಕಡೆ ಹೋಯಿತು?", "ಯಾವ ಜಾಗ ಈಗಲೂ ಕಿವಿಯಲ್ಲಿದೆ?" ಎಂದು ಎರಡೇ ಕೇಳಿ. ಮೂರು ನಾಲ್ಕು ಜನರಿಗೆ ಮೊದಲೇ ಹೇಳಿ, ಗಡಿಯಾರ ನೋಡಿ ಸಮಯ ಮಾತ್ರ ಗುರುತು ಹಾಕಿಕೊಳ್ಳಲಿ, ಕಾರಣ ಬರೆಯದಿರಲಿ. ರೆಕಾರ್ಡಿಂಗ್ ಜೊತೆ ಹೊಂದಿಸಿದರೆ ಬಾರ್ ಸಂಖ್ಯೆ ಸಿಗುತ್ತದೆ, ಇಬ್ಬರ ಗುರುತು ಒಂದೇ ಕಡೆ ಬಿದ್ದರೆ ಅಲ್ಲಿ ಕೆಲಸ ಇದೆ.

ಫೋನನ್ನು ಪಿಯಾನೊ ಮೇಲೆ ಇಡಬೇಡಿ. ಎರಡು ಮೂರು ಮೀಟರ್ ದೂರ, ಕೂತವರ ಕಿವಿಯ ಎತ್ತರಕ್ಕೆ. ಫೋನ್ ಜೋರಾದದ್ದನ್ನು ತಾನೇ ತಗ್ಗಿಸಿ ಮೆಲ್ಲಗಿನದನ್ನು ಏರಿಸುತ್ತದೆ, ಹಾಗಾಗಿ ಲಯ, ತಪ್ಪು ಸ್ವರ, ಪೆಡಲ್ ಕೆಸರು ತಿಳಿಯಲು ಅದು ಸಾಕು, ಏರಿಳಿತ ತಿಳಿಯಲು ಬರದು. ಅದಕ್ಕೆ ನೀವೇ ಕೊನೇ ಸಾಲಿನಲ್ಲಿ ಕೂರಬೇಕು. ಕಾರ್ಯಕ್ರಮದ ದಿನವೇ ಆ ಚೀಟಿಗಳನ್ನು ಹುಡುಗಿಯ ಕೈಗೆ ಕೊಡಬೇಡಿ, ಎರಡು ದಿನ ಬಿಟ್ಟು ಕೊಡಿ.